ಒಂದು ರಸ್ತೆ, ಎರಡು ಪ್ರತಿಮೆ: ನಾಟಿಂಗ್‌ಹ್ಯಾಮ್ ಫಾರೆಸ್ಟ್ ಚಾಂಪಿಯನ್ ಆದ 1977-78

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬಲ್ಲೋ ಲೋಕಲ್ ಟ್ರೇನಲ್ಲೋ ಓದಿಕೊಳ್ಳೋರಿಗಾಗಿ, ಎಂದಿನಂತೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ತಡವರಿಸಿದ್ದನ್ನೆಲ್ಲ ತೆಗೆದು, ವಾಕ್ಯಗಳನ್ನ ಸ್ವಲ್ಪ ನೇರ್ಪು ಮಾಡಿದ್ದೇನೆ, ಅಷ್ಟೇ.

ಇಂಗ್ಲೆಂಡಿನಲ್ಲಿ ಡರ್ಬಿ ಮತ್ತು ನಾಟಿಂಗ್‌ಹ್ಯಾಮ್ ಅಂತ ಎರಡು ಊರುಗಳಿವೆ. ನಡುವೆ ಹೆಚ್ಚೂಕಮ್ಮಿ 25 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡದಷ್ಟೇ ದೂರ ಅಂದುಕೊಳ್ಳಿ, ಆದರೆ ಈ ಎರಡು ಊರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಒಬ್ಬರನ್ನ ಕಂಡರೆ ಒಬ್ಬರಿಗೆ ಆಗಲ್ಲ. ಈ ಊರುಗಳನ್ನ ಸೇರಿಸೋ ಎ52 ಹೆದ್ದಾರಿಯ ಭಾಗಕ್ಕೆ ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಹೆಸರಿಟ್ಟಿದ್ದಾರೆ: ಬ್ರಯನ್ ಕ್ಲಫ್ ವೇ. ರಸ್ತೆಯ ಒಂದು ತುದಿಯಲ್ಲಿ, ಡರ್ಬಿ ಕ್ಲಬ್ಬಿನ ಮೈದಾನದ ಹೊರಗೆ, 2010ರಲ್ಲಿ ನಿಲ್ಲಿಸಿದ ಪ್ರತಿಮೆ ಇದೆ. ಅಲ್ಲಿ ಇಬ್ಬರು ಅಕ್ಕಪಕ್ಕ ನಿಂತಿದ್ದಾರೆ, ಕ್ಲಫ್ ಮತ್ತು ಪೀಟರ್ ಟೇಲರ್. ಇನ್ನೊಂದು ತುದಿಯಲ್ಲಿ, ನಾಟಿಂಗ್‌ಹ್ಯಾಮ್ ಪೇಟೆಯ ನಡುವೆ, 2008ರಲ್ಲಿ ನಿಲ್ಲಿಸಿದ ಇನ್ನೊಂದು ಪ್ರತಿಮೆ. ಅಲ್ಲಿ ಕ್ಲಫ್ ಒಬ್ಬರೇ.

ಪೀಟರ್ ಟೇಲರ್ ಹುಟ್ಟಿದ್ದು ನಾಟಿಂಗ್‌ಹ್ಯಾಮ್‌ನಲ್ಲೇ. ಆ ಊರಿನ ಕ್ಲಬ್ ತನ್ನ ಇತಿಹಾಸದಲ್ಲಿ ಒಂದೇ ಒಂದು ಸಲ ಇಂಗ್ಲಿಷ್ ಲೀಗ್ ಗೆದ್ದಿದೆ, ಆ ಸೀಸನ್ನಿನಲ್ಲಿ ಅವರು ಕ್ಲಫ್ ಪಕ್ಕದಲ್ಲೇ ಕೂತಿದ್ದರು. ಹಾಗಾದರೆ ಹುಟ್ಟೂರಿನ ಪ್ರತಿಮೆಯಲ್ಲಿ ಅವರು ಯಾಕಿಲ್ಲ? ಇದನ್ನ ಅರ್ಥ ಮಾಡಿಕೊಳ್ಳೋಕೆ ಆ ಸೀಸನ್ನನ್ನೇ ಬಿಚ್ಚಿ ನೋಡಬೇಕು.

ಊರು, ಕ್ಲಬ್ಬು

ನಾಟಿಂಗ್‌ಹ್ಯಾಮ್ ನಮಗೆ ಪೂರ್ತಿ ಅಪರಿಚಿತ ಊರೇನಲ್ಲ. ನಮ್ಮ ತಾತಂದಿರು ಹೆಮ್ಮೆಯಿಂದ ಓಡಿಸ್ತಿದ್ದ ರ್ಯಾಲಿ ಸೈಕಲ್ಲಿನ ಮೂಲ ಅದೇ ಊರು. ಕ್ರಿಕೆಟ್ ನೋಡೋರಿಗೆ ಟ್ರೆಂಟ್ ಬ್ರಿಜ್ ಗೊತ್ತೇ ಇರುತ್ತೆ. 2007ರಲ್ಲಿ ಯಾರೋ ಕ್ರೀಸ್ ಮೇಲೆ ಜೆಲ್ಲಿ ಬೀನ್ಸ್ ಹಾಕಿ, ಜಹೀರ್ ಖಾನ್ ಸಿಟ್ಟಾಗಿ, ನಮ್ಮ ದ್ರಾವಿಡ್ ನಾಯಕತ್ವದಲ್ಲಿ ಭಾರತ ಟೆಸ್ಟ್ ಗೆದ್ದಿತಲ್ಲ, ಅದೇ ಮೈದಾನ. ಅಲ್ಲಿಂದ ಕೂಗಿದರೆ ಕೇಳೋ ದೂರದಲ್ಲಿ, ಟ್ರೆಂಟ್ ನದಿಯ ದಡದಲ್ಲಿ, ಸಿಟಿ ಗ್ರೌಂಡ್ ಇದೆ. ಅದು ಫಾರೆಸ್ಟ್ ಕ್ಲಬ್ಬಿನ ಮನೆ.

ಕ್ಲಬ್ ಶುರುವಾಗಿದ್ದು 1865ರಲ್ಲಿ. ತುಂಬಾ ಹಳೆಯದು, ಆದರೆ ದೊಡ್ಡದಲ್ಲ. 1898ರಲ್ಲಿ ಮತ್ತು 1959ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. 1966-67ರಲ್ಲಿ ಲೀಗಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. 1972ರಲ್ಲಿ ಮೊದಲ ಡಿವಿಷನ್ನಿಂದ ಕೆಳಗೆ ಬಿತ್ತು. ಪ್ರೀಮಿಯರ್ ಲೀಗ್ ಅನ್ನೋ ಹೆಸರು ಆಗಿನ್ನೂ ಇರಲಿಲ್ಲ. ಅತಿ ಮೇಲಿನ ಹಂತಕ್ಕೇ ಫಸ್ಟ್ ಡಿವಿಷನ್ ಅನ್ನೋರು. 22 ಕ್ಲಬ್, ತಲಾ 42 ಪಂದ್ಯ. ಗೆದ್ದರೆ ಎರಡೇ ಪಾಯಿಂಟ್, ಡ್ರಾ ಆದರೆ ಒಂದು. ಮುಂದೆ ಬರೋ ಅಂಕಿಗಳನ್ನ ಓದುವಾಗ ಇದೊಂದು ನೆನಪಿರಲಿ.

ಜನವರಿ 1975ರಲ್ಲಿ ಕ್ಲಫ್ ಇಲ್ಲಿಗೆ ಬಂದಾಗ ಕ್ಲಬ್ ಎರಡನೇ ಡಿವಿಷನ್ನಿನ ನಡುವೆ ಎಲ್ಲೋ ತೂಕಡಿಸ್ತಿತ್ತು.

ಗುಂಡು ಹೊಡೆಯೋನು, ಗುರಿ ತೋರಿಸೋನು

ಕ್ಲಫ್ ಮತ್ತು ಟೇಲರ್ ಪರಿಚಯ ಆಗಿದ್ದು 1955ರಲ್ಲಿ, ಮಿಡಲ್ಸ್‌ಬರೋ ಕ್ಲಬ್ಬಿನಲ್ಲಿ. ಟೇಲರ್ ಗೋಲ್‌ಕೀಪರ್, ವಯಸ್ಸಲ್ಲಿ ಹಿರಿಯರು. ಕ್ಲಫ್ ಇನ್ನೂ ರಿಸರ್ವ್ ತಂಡದಲ್ಲಿದ್ದ ಹುಡುಗ. ಈ ಹುಡುಗ ಗೋಲ್ ಹೊಡೆಯೋಕೇ ಹುಟ್ಟಿದ್ದಾನೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದು ಟೇಲರ್. ಅವರ ಮಾತು ನಿಜವಾಯ್ತು. ಕ್ಲಫ್ 274 ಲೀಗ್ ಪಂದ್ಯಗಳಲ್ಲಿ 251 ಗೋಲ್ ಹೊಡೆದರು. 1962ರ ಡಿಸೆಂಬರ್ 26ರಂದು ಮಂಡಿಗೆ ಪೆಟ್ಟು ಬಿದ್ದು, ಆಟಗಾರನ ಬದುಕು ಬಹುತೇಕ ಅಲ್ಲಿಗೇ ಮುಗಿಯಿತು.

1965ರಲ್ಲಿ, ಮೂವತ್ತನೇ ವಯಸ್ಸಿಗೆ, ಕ್ಲಫ್ ಹಾರ್ಟಲ್‌ಪೂಲ್ಸ್ ಅನ್ನೋ ಬಡ ಕ್ಲಬ್ಬಿಗೆ ಮ್ಯಾನೇಜರ್ ಆದರು. ಹೋಗುವಾಗಲೇ ಟೇಲರ್‌ರನ್ನ ಜೊತೆಗೆ ಕರೆದುಕೊಂಡರು. 1967ರಲ್ಲಿ ಇಬ್ಬರೂ ಡರ್ಬಿಗೆ ಹೋದರು. ಎರಡನೇ ಡಿವಿಷನ್ನಿನಲ್ಲಿದ್ದ ಡರ್ಬಿ 1969ರಲ್ಲಿ ಮೇಲೆ ಬಂತು, 1972ರಲ್ಲಿ ಇಂಗ್ಲೆಂಡ್ ಚಾಂಪಿಯನ್ ಆಯ್ತು. 1973ರ ಅಕ್ಟೋಬರ್‌ನಲ್ಲಿ ಕ್ಲಬ್ಬಿನ ಆಡಳಿತದ ಜೊತೆ ಜಗಳ ಆಡಿಕೊಂಡು ಇಬ್ಬರೂ ರಾಜೀನಾಮೆ ಕೊಟ್ಟು, ಮೂರನೇ ಡಿವಿಷನ್ನಿನ ಬ್ರೈಟನ್‌ಗೆ ಹೋದರು.

1974ರಲ್ಲಿ ಜೋಡಿ ಮುರೀತು. ಆಗಿನ ಚಾಂಪಿಯನ್ ಲೀಡ್ಸ್ ಯುನೈಟೆಡ್ ಕ್ಲಫ್‌ರನ್ನ ಕರೆಯಿತು. ಕ್ಲಫ್ ಹೋದರು, ಟೇಲರ್ ಬ್ರೈಟನ್‌ನಲ್ಲೇ ಉಳಿದರು. ಲೀಡ್ಸಲ್ಲಿ ಕ್ಲಫ್ ಬಾಳಿದ್ದು 44 ದಿನ. 'ದ ಡ್ಯಾಮ್ಡ್ ಯುನೈಟೆಡ್' ಸಿನಿಮಾ ನೋಡಿದವರಿಗೆ ಆ ಕತೆ ಗೊತ್ತಿರುತ್ತೆ. ಅತ್ತ ಟೇಲರ್ ಒಬ್ಬರೇ ಬ್ರೈಟನ್ ತಂಡವನ್ನ ಮೇಲಿನ ಡಿವಿಷನ್‌ಗೆ ಏರಿಸೋಕೆ ನೋಡಿದರು, 1976ರಲ್ಲಿ ಕೂದಲೆಳೆಯಲ್ಲಿ ತಪ್ಪಿತು.

ಇತ್ತ ಕ್ಲಫ್ ಒಬ್ಬರೇ ಇದ್ದಾಗ ಫಾರೆಸ್ಟ್ 1974-75ರಲ್ಲಿ ಎರಡನೇ ಡಿವಿಷನ್ನಿನ 16ನೇ ಸ್ಥಾನ, ಮುಂದಿನ ವರ್ಷ 8ನೇ ಸ್ಥಾನ. ಕೆಟ್ಟದ್ದೇನಲ್ಲ, ಆದರೆ ಯಾರೂ ತಿರುಗಿ ನೋಡೋ ಹಾಗೂ ಇರಲಿಲ್ಲ.

1976ರ ಜುಲೈಯಲ್ಲಿ ಟೇಲರ್ ಫಾರೆಸ್ಟಿಗೆ ಬಂದರು.

ಇವರಿಬ್ಬರ ಕೆಲಸದ ಹಂಚಿಕೆ ಬಗ್ಗೆ ಕ್ಲಫ್ ತಾವೇ ಹೇಳಿಕೊಂಡಿದ್ದುಂಟು: ತಾನು ಅಂಗಡಿಯ ಮುಂದಿನ ಗಾಜು, ಪೀಟರ್ ಒಳಗಿರೋ ಸರಕು ಅಂತ. ಟೇಲರ್ ಊರೂರು ಸುತ್ತಿ ಆಟಗಾರರನ್ನ ನೋಡ್ತಿದ್ದರು, ಯಾರಲ್ಲಿ ಏನಿದೆ ಅಂತ ಅಂದಾಜು ಮಾಡ್ತಿದ್ದರು. ಡ್ರೆಸ್ಸಿಂಗ್ ರೂಮಲ್ಲಿ ಜೋಕ್ ಹೊಡೆದು ಬಿಗಿ ಸಡಿಲ ಮಾಡ್ತಿದ್ದರು. ಬಂದ ಆಟಗಾರನನ್ನ ಹೆದರಿಸಿ, ಹುರಿದುಂಬಿಸಿ, ಅವನಿಂದ ಕೆಲಸ ತೆಗೆಸೋದು, ಟಿವಿ ಮುಂದೆ ಕೂತು ಜಗತ್ತಿಗೆಲ್ಲ ಉತ್ತರ ಕೊಡೋದು ಕ್ಲಫ್ ಪಾಲು. ಹೊರಗಿನ ಜನಕ್ಕೆ ಕಂಡಿದ್ದು ಗಾಜು ಮಾತ್ರ.

ಯಾರಿಗೂ ಬೇಡವಾದವರು

1976-77ರಲ್ಲಿ ಫಾರೆಸ್ಟ್ ಮೇಲೆ ಬಂದಿದ್ದೇ ಒಂದು ತಮಾಷೆ. 52 ಪಾಯಿಂಟ್ ಗಳಿಸಿ ತಮ್ಮ ಪಂದ್ಯಗಳನ್ನೆಲ್ಲ ಮುಗಿಸಿದ್ದರು. ಮೇಲೆ ಹೋಗೋಕೆ ಅವಕಾಶ ಮೂರೇ ತಂಡಗಳಿಗೆ. ಹಿಂದಿದ್ದ ಬೋಲ್ಟನ್‌ಗೆ ಇನ್ನೂ ಪಂದ್ಯ ಬಾಕಿ. ಫಾರೆಸ್ಟ್ ಹುಡುಗರು ಮಯೋರ್ಕಾ ದ್ವೀಪಕ್ಕೆ ರಜೆಗೆ ಹೊರಟಿದ್ದಾಗ, ಬೋಲ್ಟನ್ ವುಲ್ವ್ಸ್ ಕೈಲಿ ಸೋತ ಸುದ್ದಿ ಬಂತು. ಬೋಲ್ಟನ್ 51ಕ್ಕೆ ನಿಂತಿತು. ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಫಾರೆಸ್ಟ್ ಮೂರನೆಯವರಾಗಿ ಒಳಗೆ ಬಂದರು. ಆಗ ಯಾರೂ ಇವರು ಗೆಲ್ಲುತ್ತಾರೆ ಅಂದುಕೊಂಡಿರಲಿಲ್ಲ. ಉಳಿದರೆ ಸಾಕು ಅನ್ನೋ ಮಾತೇ ಎಲ್ಲರದ್ದು.

ತಂಡದಲ್ಲಿ ಯಾರ್ಯಾರಿದ್ದರು ನೋಡಿ.

ಎಡಗಡೆ ಡಿಫೆಂಡರ್ ಫ್ರ್ಯಾಂಕ್ ಕ್ಲಾರ್ಕ್. ನ್ಯೂಕಾಸಲ್ ಕ್ಲಬ್ ಇನ್ನು ನೀನು ಬೇಡಪ್ಪ ಅಂತ 1975ರಲ್ಲಿ ಬಿಟ್ಟು ಕಳಿಸಿದ ಆಟಗಾರ. ಒಂದು ಪೈಸೆ ಕೊಡದೆ ಸಿಕ್ಕವನು. ಸೀಸನ್ ಶುರುವಾದಾಗ ಅವನಿಗೆ 34ರ ಹತ್ತಿರ.

ನಡುವಿನ ಡಿಫೆಂಡರ್ ಲ್ಯಾರಿ ಲಾಯ್ಡ್. ಲಿವರ್‌ಪೂಲ್‌ನಲ್ಲಿ ಆಡಿ, ಕೊವೆಂಟ್ರಿಗೆ ಹೋಗಿ, ಅಲ್ಲಿ ಮಂಕಾಗಿ ಕೂತಿದ್ದ.

ನಾಯಕ ಜಾನ್ ಮೆಕ್‌ಗವರ್ನ್. ಹಾರ್ಟಲ್‌ಪೂಲ್ಸ್, ಡರ್ಬಿ, ಲೀಡ್ಸ್, ಫಾರೆಸ್ಟ್, ನಾಲ್ಕೂ ಕಡೆ ಕ್ಲಫ್ ಜೊತೆಗಿದ್ದ. ಓಡೋದು ನೋಡಿದರೆ ಇವನೆಂಥ ಆಟಗಾರ ಅಂತ ಜನ ನಗೋರು. ಆದರೆ ಚೆಂಡು ಕಾಲಿಗೆ ಬಂದರೆ ಅದನ್ನ ಸರಿಯಾದ ಜಾಗಕ್ಕೆ ಮುಟ್ಟಿಸ್ತಿದ್ದ.

ಜಾನ್ ರಾಬರ್ಟ್‌ಸನ್ ಮೊದಲೇ ಕ್ಲಬ್ಬಿನಲ್ಲಿದ್ದವನು. ದಪ್ಪ, ಸಿಗರೇಟು, ಕರಿದ ತಿಂಡಿಯ ಚಪಲ. ಮಾರಾಟದ ಪಟ್ಟಿಯಲ್ಲಿ ಅವನ ಹೆಸರಿತ್ತು. ಟೇಲರ್ ಬಂದ ಮೇಲೆ ಅವನನ್ನ ಪಕ್ಕಕ್ಕೆ ಕರೆದು ಚೆನ್ನಾಗಿ ಉಗಿದರು, ಜೊತೆಗೆ ನಿನ್ನಲ್ಲಿ ಎಂಥ ಆಟ ಇದೆ ಗೊತ್ತಾ ಅಂತಲೂ ಹೇಳಿದರು. ಅವನು ಎಡ ಅಂಚಿನಲ್ಲಿ ನಿಂತ. ವೇಗ ಇಲ್ಲ. ಎದುರಿಗಿದ್ದವನನ್ನ ಅರ್ಧ ಹೆಜ್ಜೆ ಏಮಾರಿಸಿ ಚೆಂಡನ್ನ ಒಳಗೆ ಹಾಕೋ ಕಲೆ ಇತ್ತು. ಮುಂದಿನ ನಾಲ್ಕು ವರ್ಷ ಫಾರೆಸ್ಟಿನ ಬಹುಪಾಲು ದಾಳಿ ಅವನ ಕಾಲಿನಿಂದಲೇ ಶುರುವಾಗ್ತಿತ್ತು.

ಇನ್ನು ಕೆನ್ನಿ ಬರ್ನ್ಸ್. ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಂದೆ ನಿಂತು ಗೋಲ್ ಹೊಡೀತಿದ್ದವನು. ಕೈಬಾಯಿ ಎರಡೂ ಜೋರು, ಜೂಜಿನ ಹೆಸರು ಬೇರೆ. ಇವನನ್ನ ತರೋಣ ಅಂದಾಗ ಕ್ಲಫ್ ಹಿಂದೆಮುಂದೆ ನೋಡಿದರು. ಟೇಲರ್ ಟೋಪಿ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿ, ನಾಯಿ ರೇಸಿನ ಮೈದಾನಕ್ಕೆ ಹೋಗಿ ಇವನು ನಿಜವಾಗಿ ಎಷ್ಟು ದುಡ್ಡು ಕಟ್ಟುತ್ತಾನೆ ಅಂತ ಮರೆಯಲ್ಲಿ ನಿಂತು ನೋಡಿದ ಕತೆಯನ್ನ ಇಂದಿಗೂ ಅಲ್ಲಿ ಹೇಳ್ತಾರೆ. ಅಂಥ ಕೆಟ್ಟ ಚಟವೇನಲ್ಲ ಅಂತ ಖಾತ್ರಿಯಾದ ಮೇಲೆ 1977ರ ಬೇಸಿಗೆಯಲ್ಲಿ ಸುಮಾರು ಒಂದೂವರೆ ಲಕ್ಷ ಪೌಂಡ್ ಕೊಟ್ಟು ತಂದರು. ತಂದು ಗೋಲ್ ಹೊಡೆಯೋಕೆ ಕಳಿಸಲಿಲ್ಲ. ಹಿಂದಕ್ಕೆ ಕರೆದು, ಲಾಯ್ಡ್ ಪಕ್ಕದಲ್ಲಿ ಡಿಫೆಂಡರ್ ಮಾಡಿದರು. ಆ ಸೀಸನ್ ಮುಗಿದಾಗ ಫುಟ್‌ಬಾಲ್ ಬರಹಗಾರರ ಸಂಘದ ವರ್ಷದ ಆಟಗಾರ ಪ್ರಶಸ್ತಿ ಬಂದಿದ್ದು ಇದೇ ಬರ್ನ್ಸ್‌ಗೆ.

ಇಲ್ಲೊಂದು ಮಾತು ಹೇಳಲೇಬೇಕು. ಟೇಲರ್ ಬಗ್ಗೆ ಮಾತಾಡೋವಾಗ ಎಲ್ಲವನ್ನೂ ಅವರ ಖಾತೆಗೇ ಬರೆದರೆ ಅದೂ ತಪ್ಪೇ. ಕ್ಲಾರ್ಕ್‌ನನ್ನ, ಮೆಕ್‌ಗವರ್ನ್‌ನನ್ನ ತಂದಿದ್ದು ಟೇಲರ್ ಬರೋಕೆ ಮೊದಲೇ, ಕ್ಲಫ್. ರಾಬರ್ಟ್‌ಸನ್, ಮಾರ್ಟಿನ್ ಓನೀಲ್, ಟೋನಿ ವುಡ್‌ಕಾಕ್, ವಿವ್ ಆಂಡರ್ಸನ್ ಇವರೆಲ್ಲ ಅದಕ್ಕೂ ಮುಂಚಿನಿಂದ ಕ್ಲಬ್ಬಿನಲ್ಲಿದ್ದವರು. ಆದರೆ ಮೂಲೆಯಲ್ಲಿ ಬಿದ್ದಿದ್ದ ವಸ್ತು ಮತ್ತು ಬಳಕೆಗೆ ಬಂದ ವಸ್ತುವಿನ ನಡುವೆ ಯಾರೋ ಒಬ್ಬರ ಕಣ್ಣು ಬೇಕಾಗುತ್ತೆ.

42 ಪಂದ್ಯ

1977ರ ಆಗಸ್ಟ್ 20. ಮೊದಲ ಪಂದ್ಯ ಎವರ್ಟನ್ ಮೈದಾನದಲ್ಲಿ. ಫಾರೆಸ್ಟ್ 3-1ರಿಂದ ಗೆದ್ದಿತು. ಎಲ್ಲೋ ಅದೃಷ್ಟ ಅಂದರು ಜನ. ಸೆಪ್ಟೆಂಬರ್ ಆರಂಭದಲ್ಲಿ ಆರ್ಸೆನಲ್ 3-0ರಿಂದ ಹೊಡೆದಾಗ, ನೋಡಿ ನಾವು ಹೇಳಿರಲಿಲ್ವಾ ಅಂದರು.

ಅದೇ ತಿಂಗಳು ಇಬ್ಬರು ಬಂದರು. ಡರ್ಬಿಯಿಂದ ಆರ್ಚಿ ಗೆಮ್ಮಿಲ್. ಇವನಿಗಾಗಿ ಫಾರೆಸ್ಟ್ ತನ್ನ ಗೋಲ್‌ಕೀಪರ್ ಜಾನ್ ಮಿಡಲ್‌ಟನ್‌ನನ್ನೂ ಮೇಲಷ್ಟು ದುಡ್ಡನ್ನೂ ಕೊಟ್ಟಿತು. ಗೋಲ್‌ಕೀಪರ್ ಕೊಡೋಕೆ ಧೈರ್ಯ ಬಂದಿದ್ದು ಯಾಕಂದರೆ ಇನ್ನೊಬ್ಬ ಬರ್ತಿದ್ದ: ಪೀಟರ್ ಶಿಲ್ಟನ್. ಅವನ ಕ್ಲಬ್ ಸ್ಟೋಕ್ ಎರಡನೇ ಡಿವಿಷನ್‌ಗೆ ಬಿದ್ದಿತ್ತು. ಬೆಲೆ ಎರಡೂವರೆ ಲಕ್ಷ ಪೌಂಡ್ ಆಸುಪಾಸು. ಗೋಲ್‌ಕೀಪರ್‌ಗೆ ಅಷ್ಟು ಹಣ ಸುರಿಯೋದು ಆ ಕಾಲದಲ್ಲಿ ಹುಚ್ಚಾಟ. ದುಡ್ಡೆಲ್ಲ ಗೋಲ್ ಹೊಡೆಯೋರಿಗೇ ಅನ್ನೋದು ರೂಢಿ. ಟೇಲರ್ ತಾವೇ ಗೋಲ್‌ಕೀಪರ್ ಆಗಿದ್ದವರು. ತಡೆದ ಗೋಲ್‌ಗೂ ಹೊಡೆದ ಗೋಲ್‌ಗೂ ಬೆಲೆ ಒಂದೇ ಅಂತ ಅವರಿಗೆ ಗೊತ್ತಿತ್ತು. ಕ್ಲಬ್ಬಿನ ಆಡಳಿತವನ್ನ ಒಪ್ಪಿಸೋ ಕೆಲಸ ಕ್ಲಫ್ ಮಾಡಿದರು.

ಆ ಲೆಕ್ಕ ಹೇಗೆ ತೀರಿತು ಅಂದರೆ, 42 ಪಂದ್ಯಗಳಲ್ಲಿ ಫಾರೆಸ್ಟ್ ಬಿಟ್ಟುಕೊಟ್ಟಿದ್ದು ಬರೀ 24 ಗೋಲ್. ಪಂದ್ಯಕ್ಕೆ ಒಂದು ಗೋಲ್ ಕೂಡ ಇಲ್ಲ.

ನವೆಂಬರ್‌ನಲ್ಲಿ ಚೆಲ್ಸಿ ಕೈಲಿ 1-0, ಎರಡು ವಾರದ ನಂತರ 19ನೇ ತಾರೀಕು ಲೀಡ್ಸ್ ಕೈಲಿ 1-0. ಒಟ್ಟು 16 ಪಂದ್ಯದಲ್ಲಿ ಮೂರು ಸೋಲು. ಆಮೇಲೆ ಲೀಗಲ್ಲಿ ಫಾರೆಸ್ಟ್ ಸೋತಿದ್ದು 1978ರ ಡಿಸೆಂಬರ್ 9ರಂದು, ಲಿವರ್‌ಪೂಲ್ ವಿರುದ್ಧ. ಒಂದು ವರ್ಷಕ್ಕೂ ಮೀರಿ, 42 ಲೀಗ್ ಪಂದ್ಯ ಸೋಲಿಲ್ಲ. ಈ ಸೀಸನ್ನಿನ 26, ಮುಂದಿನದರ 16. ಈ ದಾಖಲೆ ಮುರಿಯೋಕೆ 2004ರಲ್ಲಿ ಆರ್ಸೆನಲ್ ಬರಬೇಕಾಯ್ತು.

ಡಿಸೆಂಬರ್ 17ರಂದು ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದಲ್ಲಿ 4-0. ಆ ದಿನದಿಂದ ಅದೃಷ್ಟ ಅನ್ನೋ ಮಾತು ನಿಂತಿತು.

ಅದೇ ತಿಂಗಳಲ್ಲಿ ಇನ್ನೊಂದು ವಿಷಯ ನಡೀತು. ಇಂಗ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಹುದ್ದೆ ಖಾಲಿ ಇತ್ತು. ಕ್ಲಫ್ ಸಂದರ್ಶನಕ್ಕೆ ಹೋದರು. ಜನ ಎಲ್ಲ ಇವರೇ ಆಗಲಿ ಅಂತಿದ್ದರು. ಕೆಲಸ ಸಿಕ್ಕಿದ್ದು ರಾನ್ ಗ್ರೀನ್‌ವುಡ್‌ಗೆ. ಬಾಯಿ ಜಾಸ್ತಿ ಇರೋ ಮನುಷ್ಯನನ್ನ ಯಾವ ಆಡಳಿತ ತಾನೇ ಇಷ್ಟಪಡುತ್ತೆ? ಕ್ಲಫ್ ತಮ್ಮ ಕ್ಲಬ್ಬಿಗೆ ವಾಪಸ್ ಬಂದು ಗೆಲ್ಲೋದನ್ನ ಮುಂದುವರಿಸಿದರು.

ಅವರ ಆಟದಲ್ಲಿ ಗುಟ್ಟೇನೂ ಇರಲಿಲ್ಲ. ಆ ಕಾಲದ ಇಂಗ್ಲಿಷ್ ತಂಡಗಳು ಚೆಂಡನ್ನ ಆಕಾಶಕ್ಕೆ ಒದ್ದು ಕೆಳಗೆ ಬಿದ್ದಲ್ಲಿ ಕಿತ್ತಾಡ್ತಿದ್ದವು. ಕ್ಲಫ್ ಚೆಂಡು ಹುಲ್ಲಿನ ಮೇಲೇ ಇರಬೇಕು ಅನ್ನೋರು. ಹಿಂದೆ ಗಟ್ಟಿ, ನಡುವೆ ಸರಳ ಪಾಸ್, ಎಡಗಡೆ ರಾಬರ್ಟ್‌ಸನ್‌ಗೆ ಚೆಂಡು ಕೊಡಿ, ಒಳಗೆ ಪೀಟರ್ ವಿತ್ ಮತ್ತು ವುಡ್‌ಕಾಕ್ ಓಡಿ. ಪ್ರತಿಯೊಬ್ಬನಿಗೂ ತನಗೆ ಬರೋ ಕೆಲಸ ಮಾತ್ರ ಹೇಳ್ತಿದ್ದರು, ಬರದೇ ಇರೋದನ್ನ ಮಾಡು ಅಂತ ಹೇಳ್ತಿರಲಿಲ್ಲ. ನಾನು ಇಷ್ಟು ವರ್ಷ ಸಾಫ್ಟ್‌ವೇರಲ್ಲಿ ನೋಡಿದ ಒಳ್ಳೆ ಟೀಮ್‌ಗಳೆಲ್ಲ ಹೀಗೇ ಇದ್ದವು.

ಬಲಗಡೆ ಡಿಫೆಂಡರ್ ವಿವ್ ಆಂಡರ್ಸನ್ ವಿಷಯ ಇಲ್ಲಿ ಬಿಡಬಾರದು. 21 ವರ್ಷದ ಕಪ್ಪು ಹುಡುಗ, ನಾಟಿಂಗ್‌ಹ್ಯಾಮಲ್ಲೇ ಬೆಳೆದವನು. ಬೇರೆ ಊರುಗಳಿಗೆ ಆಡೋಕೆ ಹೋದಾಗ ಗ್ಯಾಲರಿಯಿಂದ ಬೈಗುಳ ಮಾತ್ರ ಅಲ್ಲ, ಬಾಳೆಹಣ್ಣೂ ಬೀಳ್ತಿತ್ತು. ಆ ಹುಡುಗ 1978ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಹಿರಿಯರ ತಂಡಕ್ಕೆ ಪೂರ್ಣ ಪ್ರಮಾಣದ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರನಾದ. ಭಾಷೆ, ಬಣ್ಣ, ಊರಿನ ಹೆಸರಲ್ಲಿ ಹೊರಗಿನವನು ಅನ್ನಿಸಿಕೊಂಡವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಾಗಿಲ್ಲ.

ಮಾರ್ಚಲ್ಲಿ ಲೀಗ್ ಕಪ್ ಫೈನಲ್. ಎದುರಿಗೆ ಲಿವರ್‌ಪೂಲ್. ಆಗ ಇಂಗ್ಲೆಂಡಿಗೂ ಯುರೋಪಿಗೂ ಚಾಂಪಿಯನ್ ಅವರೇ. ಶಿಲ್ಟನ್ ಆಡೋ ಹಾಗಿರಲಿಲ್ಲ, ಆ ಕಪ್ಪಿನಲ್ಲಿ ಮೊದಲೇ ಸ್ಟೋಕ್ ಪರ ಆಡಿದ್ದ. ಗೆಮ್ಮಿಲ್ ಕೂಡ ಇಲ್ಲ. ಗೋಲಿನಲ್ಲಿ ನಿಂತವನು ಕ್ರಿಸ್ ವುಡ್ಸ್, ವಯಸ್ಸು 18. ಫಾರೆಸ್ಟ್ ಪರ ಒಂದು ಲೀಗ್ ಪಂದ್ಯವನ್ನೂ ಆಡದ ಹುಡುಗ. ವೆಂಬ್ಲಿಯಲ್ಲಿ ಹೆಚ್ಚುವರಿ ಸಮಯವೂ ಸೇರಿ ಲಿವರ್‌ಪೂಲ್ ಹೊಡೆದಿದ್ದನ್ನೆಲ್ಲ ತಡೆದ. 0-0. ನಾಲ್ಕು ದಿನದ ನಂತರ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮರುಪಂದ್ಯ. ಜಾನ್ ಓಹೇರ್‌ನನ್ನ ಫಿಲ್ ಥಾಮ್ಸನ್ ಕೆಡವಿದ. ಅದು ಪೆನಾಲ್ಟಿ ಗೆರೆಯ ಹೊರಗೆ ಅಂತ ಲಿವರ್‌ಪೂಲ್‌ನವರು ಈಗಲೂ ವಾದಿಸ್ತಾರೆ. ರೆಫ್ರಿ ಪೆನಾಲ್ಟಿ ಕೊಟ್ಟರು, ರಾಬರ್ಟ್‌ಸನ್ ಹೊಡೆದ. 1-0.

ಏಪ್ರಿಲ್ 22, ಕೊವೆಂಟ್ರಿ. ಒಂದು ಪಾಯಿಂಟ್ ಬಂದರೆ ಸಾಕು. ಮಿಕ್ ಫರ್ಗ್ಯುಸನ್ ಅನ್ನೋ ಸ್ಟ್ರೈಕರ್ ತೀರಾ ಹತ್ತಿರದಿಂದ ಚೆಂಡಿಗೆ ತಲೆ ಕೊಟ್ಟಾಗ ಶಿಲ್ಟನ್ ತಡೆದಿದ್ದು ಆ ಸೀಸನ್ನಿನ ಅತಿ ಹೆಸರಾದ ಸೇವ್. ಪಂದ್ಯ 0-0. ಇನ್ನೂ ನಾಲ್ಕು ಪಂದ್ಯ ಬಾಕಿ ಇರುವಾಗಲೇ ಫಾರೆಸ್ಟ್ ಚಾಂಪಿಯನ್.

ವಿಡಿಯೋದಲ್ಲಿ ತೋರಿಸಿದ ಕೊನೆಯ ಪಟ್ಟಿ ಹೀಗಿದೆ: 25 ಗೆಲುವು, 14 ಡ್ರಾ, 3 ಸೋಲು. ಹೊಡೆದ ಗೋಲ್ 69, ಬಿಟ್ಟದ್ದು 24. ಪಾಯಿಂಟ್ 64. ಎರಡನೇ ಸ್ಥಾನದ ಲಿವರ್‌ಪೂಲ್ 57. ಇವತ್ತಿನ ಮೂರು ಪಾಯಿಂಟ್ ಲೆಕ್ಕದಲ್ಲಿ ಹಾಕಿದರೆ ಫಾರೆಸ್ಟಿನದು 89 ಆಗುತ್ತೆ. ಕೆಳಗಿನ ಡಿವಿಷನ್ನಿಂದ ಬಂದ ವರ್ಷವೇ ಲೀಗ್ ಗೆದ್ದ ತಂಡ ಅದಾದ ಮೇಲೆ ಇಂಗ್ಲೆಂಡಿನಲ್ಲಿ ಇನ್ನೊಂದು ಬಂದಿಲ್ಲ. 2016ರಲ್ಲಿ ಗೆದ್ದ ಲೆಸ್ಟರ್ ಕೂಡ ಅದರ ಹಿಂದಿನ ವರ್ಷ ಮೇಲಿನ ಡಿವಿಷನ್ನಿನಲ್ಲೇ ಒದ್ದಾಡಿ ಉಳಿದುಕೊಂಡಿತ್ತು.

ಅಲ್ಲಿಗೂ ನಿಲ್ಲಲಿಲ್ಲ. 1979ರಲ್ಲಿ ಮಾಲ್ಮೋ ವಿರುದ್ಧ 1-0, 1980ರಲ್ಲಿ ಹ್ಯಾಂಬರ್ಗ್ ವಿರುದ್ಧ 1-0, ಎರಡು ಸಲ ಯುರೋಪಿಯನ್ ಕಪ್. ತಮ್ಮ ದೇಶದ ಲೀಗ್ ಗೆದ್ದಿದ್ದಕ್ಕಿಂತ ಯುರೋಪ್ ಗೆದ್ದಿದ್ದೇ ಹೆಚ್ಚು ಸಲ ಇರೋ ವಿಚಿತ್ರ ಕ್ಲಬ್ಬಿದು.

ಜೋಡಿ ಮುರಿದಾಗ

ನಾವು ಇಂಜಿನಿಯರ್‌ಗಳು ಎರಡು ವರ್ಷನ್ ಪಕ್ಕಪಕ್ಕ ಓಡಿಸಿ ಹೋಲಿಸ್ತೀವಲ್ಲ, ಇತಿಹಾಸದಲ್ಲಿ ಅಂಥ ಅವಕಾಶ ಸಿಗೋದು ಅಪರೂಪ. ಇಲ್ಲಿ ಸಿಕ್ಕಿದೆ. ಇಬ್ಬರೂ ಜೊತೆಗಿದ್ದಾಗ: ಡರ್ಬಿ ಚಾಂಪಿಯನ್, ಫಾರೆಸ್ಟ್ ಚಾಂಪಿಯನ್, ಎರಡು ಯುರೋಪಿಯನ್ ಕಪ್. ಕ್ಲಫ್ ಒಬ್ಬರೇ ಇದ್ದಾಗ: ಲೀಡ್ಸಲ್ಲಿ 44 ದಿನ, ಫಾರೆಸ್ಟಿನ ಮೊದಲ ಒಂದೂವರೆ ವರ್ಷದ ನಡುಸ್ಥಾನ, ಆಮೇಲೆ 1982ರಿಂದ 1993ರವರೆಗೆ. ಆ ಹನ್ನೊಂದು ವರ್ಷವನ್ನ ತೆಗೆದುಹಾಕೋ ಹಾಗಿಲ್ಲ. 1989, 1990ರಲ್ಲಿ ಲೀಗ್ ಕಪ್ ಗೆದ್ದರು, ಮೂರು ಸಲ ಲೀಗಲ್ಲಿ ಮೂರನೆಯವರಾದರು. ಆದರೆ ಲೀಗ್ ಮತ್ತೆ ಕೈಗೆ ಸಿಗಲಿಲ್ಲ, 1993ರಲ್ಲಿ ತಂಡ ಕೆಳಗೆ ಬಿದ್ದು ಕ್ಲಫ್ ಕಣ್ಣೀರಲ್ಲಿ ನಿವೃತ್ತರಾದರು. ಟೇಲರ್ ಒಬ್ಬರೇ ಇದ್ದಾಗ: ಬ್ರೈಟನ್‌ನಲ್ಲಿ ತಪ್ಪಿದ ಬಡ್ತಿ, ಡರ್ಬಿಯಲ್ಲಿ 1984ರ ಪತನ. ಒಬ್ಬರಿಲ್ಲದೆ ಇನ್ನೊಬ್ಬರು ಅರ್ಧ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಟೇಲರ್ ಇಲ್ಲದ ಕ್ಲಫ್ ಒಳ್ಳೆ ಮ್ಯಾನೇಜರ್, ಕ್ಲಫ್ ಇಲ್ಲದ ಟೇಲರ್ ಸೋತ ಮ್ಯಾನೇಜರ್ ಅಂತಲೂ ಓದಬಹುದು. ಆ ಓದು ತಪ್ಪಲ್ಲ. ಆದರೆ ಚಾಂಪಿಯನ್ ಅನ್ನೋ ಪದ ಇಬ್ಬರೂ ಸೇರಿದ ಸಾಲಲ್ಲಿ ಮಾತ್ರ ಇದೆ.

ಬಿರುಕು ಬಿಟ್ಟಿದ್ದು ಹೇಗೆ? 1980ರಲ್ಲಿ ಟೇಲರ್ ತಮ್ಮಿಬ್ಬರ ಬಗ್ಗೆ ಒಂದು ಪುಸ್ತಕ ತಂದರು. ಅದು ಕ್ಲಫ್‌ಗೆ ಹಿಡಿಸಲಿಲ್ಲ. 1982ರಲ್ಲಿ ಟೇಲರ್ ದಣಿವಾಗಿದೆ ಅಂತ ನಿವೃತ್ತಿ ಪಡೆದರು. ಕೆಲವೇ ತಿಂಗಳಲ್ಲಿ ಹಳೇ ಕ್ಲಬ್ ಡರ್ಬಿಗೆ ಮ್ಯಾನೇಜರ್ ಆಗಿ ಬಂದರು. 1983ರಲ್ಲಿ, ಕ್ಲಫ್ ಸೇವಾಕಾರ್ಯದ ಪಾದಯಾತ್ರೆಯೊಂದಕ್ಕೆ ಹೋಗಿದ್ದಾಗ, ಒಂದು ಮಾತೂ ತಿಳಿಸದೆ ಡರ್ಬಿಗೆ ಒಬ್ಬ ಆಟಗಾರನನ್ನ ಎಳೆದುಕೊಂಡರು. ಯಾರನ್ನ? ಜಾನ್ ರಾಬರ್ಟ್‌ಸನ್‌ನನ್ನ. ಇಬ್ಬರೂ ಸೇರಿ ಮಾರಾಟದ ಪಟ್ಟಿಯಿಂದ ಎತ್ತಿ ಬೆಳೆಸಿದ ಅದೇ ಹುಡುಗನನ್ನ.

ಆಮೇಲೆ ಕ್ಲಫ್ ಮತ್ತು ಟೇಲರ್ ಮಾತಾಡಲೇ ಇಲ್ಲ. 25 ಕಿಲೋಮೀಟರ್ ಅಂತರದ ಊರುಗಳು, ಏಳು ವರ್ಷ. 1990ರ ಅಕ್ಟೋಬರ್‌ನಲ್ಲಿ ಟೇಲರ್ ಮಯೋರ್ಕಾದಲ್ಲಿ ತೀರಿಕೊಂಡರು, 62ನೇ ವಯಸ್ಸಿಗೆ. 1977ರಲ್ಲಿ ಫಾರೆಸ್ಟ್ ಮೇಲೆ ಬಂದ ಸುದ್ದಿ ತಂಡಕ್ಕೆ ಸಿಕ್ಕಿದ್ದು ಇದೇ ದ್ವೀಪದ ದಾರಿಯಲ್ಲಿ. ಕ್ಲಫ್ ಅಂತ್ಯಸಂಸ್ಕಾರಕ್ಕೆ ಹೋದರು. 1994ರಲ್ಲಿ ಬಂದ ತಮ್ಮ ಆತ್ಮಕತೆಯನ್ನ ಪೀಟರ್‌ಗೆ ಅರ್ಪಿಸಿದರು. ಕ್ಲಫ್ 2004ರಲ್ಲಿ ತೀರಿಕೊಂಡರು.

ಹೀಗಾಗಿ ಜನರ ನೆನಪಲ್ಲಿ ಉಳಿದಿದ್ದು ಕೊನೆವರೆಗೂ ಫಾರೆಸ್ಟಲ್ಲೇ ಇದ್ದ, ಟಿವಿಯಲ್ಲಿ ಮಾತಾಡ್ತಿದ್ದ ಕ್ಲಫ್. ಟೇಲರ್ ಬಿಟ್ಟು ಹೋದವರು, ಅದೂ ಡರ್ಬಿಗೆ. ಊರಿನ ಸಿಟ್ಟು ಅರ್ಥವಾಗುತ್ತೆ. 2015ರಲ್ಲಿ ಸಿಟಿ ಗ್ರೌಂಡಿನ ಒಂದು ಸ್ಟ್ಯಾಂಡಿಗೆ ಪೀಟರ್ ಟೇಲರ್ ಹೆಸರಿಟ್ಟರು. ಅಷ್ಟೊತ್ತಿಗೆ ಅವರು ಹೋಗಿ 25 ವರ್ಷ ಆಗಿತ್ತು.

ಇದನ್ನ ಯಾಕೆ ಹೇಳಿದೆ

ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸತರಲ್ಲಿ ನಾನು ಮೂರು ತಿಂಗಳು ಬೆಂಚ್ ಮೇಲಿದ್ದೆ. ಬೆಂಚ್ ಅಂದರೆ ಏನು ಅಂತ ಈ ಚಾನೆಲ್ ನೋಡೋರಿಗೆ ವಿವರಿಸೋದು ಬೇಡ. ಎರಡು ಪ್ರಾಜೆಕ್ಟಿನವರು ಇಂಟರ್‌ವ್ಯೂ ಮಾಡಿ ಬೇಡ ಅಂದಿದ್ದರು, ನನಗೆ ಮಾತು ಸರಿಯಾಗಿ ಬರ್ತಿರಲಿಲ್ಲ. ಧಾರವಾಡ ಕಡೆಯ ಒಬ್ಬ ಸೀನಿಯರ್ ಇದ್ದರು. ಒಂದು ದಿನ ಕ್ಯಾಂಟೀನಲ್ಲಿ ಎದುರಿಗೆ ಕೂತು, "ನೀ ಬರದಿದ್ದು ಕೋಡ್ ಏನರ ಇದ್ರ ತೋರಸಪಾ ನೋಡೂಣು" ಅಂದರು. ನನ್ನ ಎಂಟೆಕ್ ಪ್ರಾಜೆಕ್ಟಿನ ಕೋಡ್ ತೋರಿಸಿದೆ. ಅರ್ಧ ಗಂಟೆ ಸುಮ್ಮನೆ ಓದಿದರು. ಮರುದಿನ ತಮ್ಮ ಮ್ಯಾನೇಜರ್ ಹತ್ತಿರ ಹೋಗಿ, ಈ ಹುಡುಗನ ಜವಾಬ್ದಾರಿ ನನ್ನದು ಅಂತ ಹೇಳಿ ಟೀಮಿಗೆ ಎಳೆದುಕೊಂಡರು. ನನ್ನ ಹಾಗೇ ಇನ್ನೂ ಮೂವರನ್ನ ಅಲ್ಲಿಇಲ್ಲಿಂದ ಹುಡುಕಿ ತಂದಿದ್ದರು.

ಒಂದೂವರೆ ವರ್ಷಕ್ಕೆ ಪ್ರಾಜೆಕ್ಟ್ ಚೆನ್ನಾಗಿ ಮುಗೀತು. ಕಂಪನಿಯ ಸಮಾರಂಭದಲ್ಲಿ ಮ್ಯಾನೇಜರ್‌ಗೆ ಶಾಲು, ಫಲಕ. ಅವರು ಕೆಟ್ಟವರೇನಲ್ಲ, ಗ್ರಾಹಕರನ್ನ ಸಂಭಾಳಿಸಿದ್ದು ಅವರೇ, ಕ್ಲಫ್ ಕೆಲಸ ಅವರು ಮಾಡಿದ್ದರು. ಟೀಮಿನಿಂದ ಒಬ್ಬರು ಎರಡು ಮಾತಾಡಿ ಅಂದಾಗ ಮೈಕ್ ನನ್ನ ಕೈಗೇ ಬಂತು. ಥ್ಯಾಂಕ್ಸ್ ಹೇಳಿದ ಪಟ್ಟಿಯಲ್ಲಿ ಆ ಸೀನಿಯರ್ ಹೆಸರಿರಲಿಲ್ಲ. ಬೇಕು ಅಂತ ಬಿಟ್ಟಿದ್ದಲ್ಲ, ಹೆದರಿಕೆಯಲ್ಲಿ ಮರೆತೆ. ಅವರು ಹಿಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ವರ್ಷ ಅವರು ಕೆಲಸ ಬಿಟ್ಟು ಊರ ಕಡೆ ಹೋದರು.

ಈ ಮಾತಿಗೆ ತಯಾರಿ ಮಾಡ್ಕೊಳ್ತಾ, ಆ ಒಂಟಿ ಪ್ರತಿಮೆಯ ಫೋಟೋ ನೋಡಿದಾಗ ನನಗೆ ನೆನಪಾಗಿದ್ದು ಆ ಹಿಂದಿನ ಸಾಲು. ಕಳೆದ ಭಾನುವಾರ ಹಳೇ ನಂಬರ್ ಹುಡುಕಿ ಫೋನ್ ಮಾಡಿದೆ. ಅವತ್ತು ನಿಮ್ಮ ಹೆಸರು ಹೇಳಬೇಕಿತ್ತು ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಹತ್ತ ವರ್ಷ ಹೊತ್ಕೊಂಡು ತಿರಗ್ಯಾಡಿಯೇನಪಾ ನೀ? ಮನ್ಯಾಗ ಎಲ್ಲಾ ಆರಾಮೇನು?" ಅಂದರು. ಅವರಿಗೆ ಅದು ನೆನಪಿತ್ತಾ ಇಲ್ವಾ ಅಂತ ನಾನು ಕೇಳಲಿಲ್ಲ.

ಕ್ಲಫ್‌ಗೂ ಟೇಲರ್‌ಗೂ ಈ ಫೋನ್ ಮಾಡೋಕೆ ಏಳು ವರ್ಷ ಟೈಮ್ ಇತ್ತು. ಮಾಡಲಿಲ್ಲ.

ಮುಂದಿನ ವಾರ ಬೇರೆ ವಿಷಯದ ಜೊತೆ ಸಿಗೋಣ. ನಿಮ್ಮನ್ನ ಬೆಂಚಿಂದ ಎತ್ತಿದ ಒಬ್ಬರು ಇದ್ದೇ ಇರ್ತಾರೆ. ಅವರ ನಂಬರ್ ಇನ್ನೂ ನಿಮ್ಮ ಫೋನಲ್ಲಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ನಮಸ್ಕಾರ.